ಸ್ವಿಚ್‌ಗೆ ಹೊಸ ಫರ್ಮ್‌ವೇರ್: ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ನೆಟ್‌ವರ್ಕ್ ಸ್ವಿಚ್ (ಕಂಪ್ಯೂಟರ್, ಫೋನ್, ಕ್ಯಾಮೆರಾಗಳನ್ನು ಒಂದಕ್ಕೊಂದು ಜೋಡಿಸುವ ಪೆಟ್ಟಿಗೆ) ಅಪ್‌ಗ್ರೇಡ್, ಅಂದರೆ ಅದರೊಳಗಿನ ತಂತ್ರಾಂಶವಾದ ಫರ್ಮ್‌ವೇರ್ ಬದಲಿಸುವುದರ ಕುರಿತ ಪ್ರಶ್ನೆಗಳನ್ನಷ್ಟೇ ತೆಗೆದುಕೊಂಡಿದ್ದೇವೆ. ಆ ತಂತ್ರಾಂಶದ ಫೈಲಿಗೆ ‘ಇಮೇಜ್’, ಅದನ್ನಿಡುವ ಸಂಗ್ರಹಕ್ಕೆ ‘ಫ್ಲಾಶ್’, ಸ್ವಿಚ್‌ನ ಮರುಚಾಲನೆಗೆ ‘ರೀಲೋಡ್’ ಎಂದಿದ್ದೇವೆ. ಕಮಾಂಡ್‌ಗಳನ್ನು ಉದ್ಧರಣ ಚಿಹ್ನೆಯೊಳಗೆ ಕನ್ನಡ ಲಿಪಿಯಲ್ಲಿ ಕೊಟ್ಟಿದೆ. ಸ್ವಿಚ್‌ನಲ್ಲಿ ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರಗಳೇ ಬೇಕು.

ಪ್ರಶ್ನೆ: ನಮ್ಮ ಕಾಲೇಜಿನಲ್ಲಿ ಸಿಸ್ಕೊ ಕ್ಯಾಟಲಿಸ್ಟ್ 9300 ಸ್ವಿಚ್‌ಗಳು ಎರಡು, ಸ್ಟ್ಯಾಕ್ ಮಾಡಿದ್ದೇವೆ (ಒಂದೇ ಸ್ವಿಚ್‌ನಂತೆ ನಡೆಯುವ ಹಾಗೆ ಜೋಡಿಸಿದ್ದೇವೆ). ಈಗ ಫರ್ಮ್‌ವೇರ್ ಆವೃತ್ತಿ 16.12 ಓಡುತ್ತಿದೆ. ಯಾವ ಆವೃತ್ತಿಗೆ ಹೋಗುವುದು, ಹೇಗೆ, ನೆಟ್‌ವರ್ಕ್ ಎಷ್ಟು ಹೊತ್ತು ನಿಲ್ಲುತ್ತದೆ? (ಸಿಸ್ಟಂ ಅಡ್ಮಿನ್, ದಾವಣಗೆರೆ)

ಮೊದಲು ಆವೃತ್ತಿ. ಈ ಸ್ವಿಚ್‌ಗಳ ತಂತ್ರಾಂಶವಾದ ಐಒಎಸ್ ಎಕ್ಸ್‌ಇ 17ರಲ್ಲಿ ಪ್ರತಿ ಮೂರನೆಯ ಬಿಡುಗಡೆಗೆ, ಅಂದರೆ 17.3, 17.6, 17.9, 17.12 ಮುಂತಾದವಕ್ಕೆ, ಸುಮಾರು 36 ತಿಂಗಳ ಬೆಂಬಲ. ನಡುವಿನವಕ್ಕೆ 12 ತಿಂಗಳು ಮಾತ್ರ. ಕಾಲೇಜಿನಂಥ ಜಾಗಕ್ಕೆ ನಡುವಿನವು ಬೇಡವೇ ಬೇಡ. 17.4ರಿಂದ 17.6ರವರೆಗಿನ ಸರಣಿಗೆ ಸಿಸ್ಕೊ ಇಟ್ಟ ಹೆಸರು ‘ಬೆಂಗಳೂರು’. ಊರಿನ ಅಭಿಮಾನಕ್ಕೆ ಅದನ್ನೇ ಹಾಕಿಕೊಳ್ಳಬೇಕೆಂದೇನಿಲ್ಲ. ದೀರ್ಘ ಬೆಂಬಲ ಇನ್ನೂ ಇರುವ ಬಿಡುಗಡೆಗಳಲ್ಲಿ ಸಿಸ್ಕೊ ಡೌನ್‌ಲೋಡ್ ಪುಟ ಯಾವುದಕ್ಕೆ ಶಿಫಾರಸಿನ ನಕ್ಷತ್ರದ ಗುರುತು ಹಾಕಿದೆಯೋ ಅದನ್ನು ಇಳಿಸಿಕೊಳ್ಳಿ. ಅದರ ರಿಲೀಸ್ ನೋಟ್ಸ್‌ನಲ್ಲಿ ಬಗೆಹರಿಯದ ದೋಷಗಳ ಪಟ್ಟಿ ಇರುತ್ತದೆ. ನೀವು ನಿಜವಾಗಿ ಬಳಸುವ ಸೌಲಭ್ಯಗಳ ಹೆಸರು ಅಲ್ಲಿದೆಯೇ ಎಂದು ಹುಡುಕಿದರೆ ಸಾಕು, ಎಲ್ಲವನ್ನೂ ಓದುತ್ತ ಕೂರಬೇಕಿಲ್ಲ.

ಇನ್ನು ಕೆಲಸ. ‘ಶೋ ವರ್ಷನ್’ ಕೊಟ್ಟು ಕೊನೆಯಲ್ಲಿ ಬರುವ ಪುಟ್ಟ ಕೋಷ್ಟಕ ನೋಡಿ. ಸ್ಟ್ಯಾಕ್‌ನ ಒಂದೊಂದು ಸ್ವಿಚ್‌ಗೂ ಒಂದೊಂದು ಸಾಲು, ಬಲತುದಿಯಲ್ಲಿ ‘ಮೋಡ್’ ಎಂಬ ಕಾಲಂ. ಅಲ್ಲಿ ‘ಇನ್‌ಸ್ಟಾಲ್’ ಎಂದಿರಬೇಕು. ‘ಬಂಡಲ್’ ಎಂದಿದ್ದರೆ ಸ್ವಿಚ್ ಇಡೀ ಬಿನ್ ಫೈಲನ್ನೇ (ಎಲ್ಲ ಪ್ಯಾಕೇಜುಗಳೂ ಒಟ್ಟಿಗಿರುವ ಇಮೇಜ್) ಮೆಮೊರಿಗೆ ಬಿಚ್ಚಿಕೊಂಡು ಓಡುತ್ತಿದೆ ಎಂದರ್ಥ. ಹಾಗಿದ್ದಾಗ ಕೆಳಗೆ ಹೇಳುವ ಹಂತಹಂತದ ಕ್ರಮ ನಡೆಯುವುದಿಲ್ಲ, ಇನ್‌ಸ್ಟಾಲ್ ಮೋಡ್‌ಗೆ ತರಬೇಕು: ಬೂಟ್ ಸಾಲು ಸರಿಪಡಿಸಿ, ಕೊನೆಯ ‘ಇನ್‌ಸ್ಟಾಲ್ ಆಡ್ ಫೈಲ್’ ಕಮಾಂಡನ್ನು ‘ಆಕ್ಟಿವೇಟ್ ಕಮಿಟ್’ ಸಮೇತ ಒಂದೇ ಸಲಕ್ಕೆ ಕೊಡಿ.

ಬೂಟ್ ಸಾಲು, ಅಂದರೆ ಏಳುವಾಗ ಯಾವ ಫೈಲ್ ಹಿಡಿಯಬೇಕೆಂದು ಸ್ವಿಚ್‌ಗೆ ಹೇಳುವ ಸಾಲು, ಸರಿಪಡಿಸಿ. ಕಾನ್ಫಿಗ್ (ಸೆಟ್ಟಿಂಗ್ ಬದಲಿಸುವ) ಮೋಡ್‌ನಲ್ಲಿ ‘ನೋ ಬೂಟ್ ಸಿಸ್ಟಮ್’, ಆಮೇಲೆ ‘ಬೂಟ್ ಸಿಸ್ಟಮ್ ಫ್ಲಾಶ್:ಪ್ಯಾಕೇಜಸ್.ಕಾನ್ಫ್’, ‘ನೋ ಬೂಟ್ ಮ್ಯಾನುಯಲ್’, ಹೊರಬಂದು ‘ರೈಟ್ ಮೆಮೊರಿ’. ‘ಶೋ ಬೂಟ್’ನಲ್ಲಿ ಅದೇ ಕಾಣಬೇಕು. ನೀವು ಫ್ಲಾಶ್‌ಗೆ ಹೊಸದಾಗಿ ತಂದು ಹಾಕಿದ್ದು ಯಾವುದು ಎಂಬುದು ಸ್ವಿಚ್‌ಗೆ ಬೇಕಿಲ್ಲ. ಬೂಟ್ ಸಾಲಿನಲ್ಲಿ ಬರೆದ ಹೆಸರೇ ಅದಕ್ಕೆ ವೇದವಾಕ್ಯ. ಈ ಸಲ ಬಂದ ಪ್ರಶ್ನೆಗಳಲ್ಲಿ ಅರ್ಧದಷ್ಟರ ಬೇರು ಇಲ್ಲೇ ಇದೆ.

ಜಾಗ ಮಾಡಲು ‘ಇನ್‌ಸ್ಟಾಲ್ ರಿಮೂವ್ ಇನ್‌ಆಕ್ಟಿವ್’. ಬಳಕೆಯಲ್ಲಿಲ್ಲದ ಹಳೆಯ ಪ್ಯಾಕೇಜುಗಳ ಪಟ್ಟಿ ತೋರಿಸಿ, ಅಳಿಸಲೇ ಎಂದು ಕೇಳುತ್ತದೆ, ‘ವೈ’ ಒತ್ತಿ. ಪ್ಯಾಕೇಜುಗಳಿರುವ ಪಿಕೆಜಿ ಫೈಲುಗಳನ್ನು ‘ಡಿಲೀಟ್’ ಕೊಟ್ಟು ಕೈಯಾರೆ ಅಳಿಸಬೇಡಿ. ಸಿಸ್ಕೊದ ಹಳೆಯ 2960 ಮಾದರಿಯಲ್ಲಿ ಓಡುವ ಐಒಎಸ್ (ಐಒಎಸ್ ಎಕ್ಸ್‌ಇಗೆ ಮುಂಚಿನದು) ಪೂರ್ತಿ ಮೆಮೊರಿಯಲ್ಲಿರುತ್ತದೆ, ಫ್ಲಾಶ್ ಖಾಲಿಯಾದರೂ ರೀಲೋಡ್ ಆಗುವವರೆಗೆ ನಡೆಯುತ್ತದೆ. 9300 ಹಾಗಲ್ಲ, ಅದು ಓಡುತ್ತಿರುವುದೇ ಆ ಪಿಕೆಜಿ ಫೈಲುಗಳ ಮೇಲೆ. ಇಮೇಜ್ ಹೆಚ್ಚುಕಮ್ಮಿ 1 ಜಿಬಿ; ಬಿಚ್ಚಿದ ಮೇಲೆ ಇನ್ನಷ್ಟೇ ಜಾಗ ಬೇಕು. ‘ಡಿರ್ ಫ್ಲಾಶ್-1:’, ‘ಡಿರ್ ಫ್ಲಾಶ್-2:’ ಎಂದು ಎರಡೂ ಸ್ವಿಚ್‌ಗಳಲ್ಲಿ ನೋಡಿ, 3 ಜಿಬಿ ಖಾಲಿ ಇದ್ದರೆ ನಿಶ್ಚಿಂತೆ.

ಇಮೇಜನ್ನು ಯುಎಸ್‌ಬಿಯಲ್ಲಿ ತಂದರೆ ‘ಕಾಪಿ ಯುಎಸ್‌ಬಿಫ್ಲಾಶ್0:’ ಎಂದು ಶುರು ಮಾಡಿ ಫ್ಲಾಶ್‌ಗೆ ನಕಲು ಮಾಡಿ. ಆಮೇಲೆ ‘ವೆರಿಫೈ /ಎಂಡಿ5 ಫ್ಲಾಶ್:’ ಮುಂದೆ ಫೈಲಿನ ಹೆಸರು. ಬರುವ 32 ಅಕ್ಷರಗಳನ್ನು ಡೌನ್‌ಲೋಡ್ ಪುಟದ ಎಂಡಿ5 (ಫೈಲ್ ಕೆಟ್ಟಿಲ್ಲವೆಂದು ತಿಳಿಯಲು ಬಳಸುವ ಗುರುತು) ಜೊತೆ ಹೋಲಿಸಿ. ಮೊದಲ ನಾಲ್ಕು, ಕೊನೆಯ ನಾಲ್ಕು ನೋಡಿ ಬಿಡುವವರೇ ಹೆಚ್ಚು. ಎರಡನ್ನೂ ನೋಟ್‌ಪ್ಯಾಡ್‌ನಲ್ಲಿ ಒಂದರ ಕೆಳಗೊಂದು ಅಂಟಿಸಿದರೆ ಪೂರ್ತಿ ನೋಡಲು ಐದು ಸೆಕೆಂಡು ಸಾಕು. ಫೈಲಿನ ಹೆಸರಿನಲ್ಲಿರುವ ‘ಎಸ್‌ಪಿಎ’ ಏನೆಂದು ಹಲವರು ಕೇಳುತ್ತಾರೆ: ಡಿಜಿಟಲ್ ಸಹಿ ಇದೆ, ಪರೀಕ್ಷೆಯ ಪ್ರತಿಯಲ್ಲ ಬಳಕೆಯ ಪ್ರತಿ, ಸಹಿಯ ಕೀಲಿಯ ಆವೃತ್ತಿ ‘ಎ’.

ಕೊನೆಯ ಕಮಾಂಡ್: ‘ಇನ್‌ಸ್ಟಾಲ್ ಆಡ್ ಫೈಲ್ ಫ್ಲಾಶ್:’ ಮುಂದೆ ಫೈಲಿನ ಹೆಸರು, ನಂತರ ‘ಆಕ್ಟಿವೇಟ್ ಕಮಿಟ್’. ಇದು ಪ್ಯಾಕೇಜುಗಳನ್ನು ಬಿಚ್ಚಿ, ಸ್ಟ್ಯಾಕ್‌ನ ಎಲ್ಲ ಸ್ವಿಚ್‌ಗಳಿಗೂ ಹಂಚಿ, ಒಟ್ಟಿಗೇ ರೀಲೋಡ್ ಮಾಡುತ್ತದೆ. ಎಲ್ಲವನ್ನೂ ಒಂದೇ ಉಸಿರಿಗೆ ಮಾಡಬೇಕಿಲ್ಲ. ‘ಇನ್‌ಸ್ಟಾಲ್ ಆಡ್ ಫೈಲ್’ ಅಷ್ಟನ್ನೇ ಹಗಲಲ್ಲಿ ಕೊಟ್ಟರೆ ಬಿಚ್ಚುವ, ಹಂಚುವ ಕೆಲಸ ಮುಗಿದಿರುತ್ತದೆ, ಟ್ರಾಫಿಕ್‌ಗೆ ತೊಂದರೆಯಿಲ್ಲ. ರಾತ್ರಿ ಬಂದು ‘ಇನ್‌ಸ್ಟಾಲ್ ಆಕ್ಟಿವೇಟ್’ ಮಾತ್ರ ಕೊಡಿ, ರೀಲೋಡ್ ಆಗುತ್ತದೆ. ಎಲ್ಲ ಸರಿ ಕಂಡರೆ ‘ಇನ್‌ಸ್ಟಾಲ್ ಕಮಿಟ್’. ಕಮಿಟ್ ಕೊಡದೆ ಬಿಟ್ಟರೆ 120 ನಿಮಿಷಕ್ಕೆ ಸ್ವಿಚ್ ತಾನೇ ರೀಲೋಡ್ ಆಗಿ ಹಳೆಯ ಆವೃತ್ತಿಗೆ ಮರಳುತ್ತದೆ. ಇದು ವರ, ಮರೆತು ಮನೆಗೆ ಹೋದವರಿಗೆ ಮಾತ್ರ ಶಾಪ.

ನಿಲುಗಡೆಗೆ ಅರ್ಧ ಗಂಟೆ ಕೇಳಿ. ರೀಲೋಡ್‌ಗೆ ಹತ್ತು ನಿಮಿಷದ ಆಸುಪಾಸು ಬೇಕು. ಹೊಸ ಇಮೇಜ್ ಮೊದಲ ಸಲ ಏಳುವಾಗ ಬೂಟ್‌ಲೋಡರ್ (ಸ್ವಿಚ್ ಏಳುವಾಗ ಮೊದಲು ಓಡುವ ಪುಟ್ಟ ಪ್ರೋಗ್ರಾಂ) ಕೂಡ ತಾನಾಗಿ ಅಪ್‌ಗ್ರೇಡ್ ಆಗಬಹುದು, ಪೋರ್ಟ್‌ಗಳ ಮೈಕ್ರೊಕೋಡ್ ಬದಲಾದರೆ ಇನ್ನೂ ಕೆಲವು ನಿಮಿಷ. ಈ ಹೊತ್ತಿನಲ್ಲಿ ಕನ್ಸೋಲ್ (ಸ್ವಿಚ್‌ಗೆ ನೇರ ಕೇಬಲ್ ಹಾಕಿ ನೋಡುವ ತೆರೆ) ಮೌನವಾಗಿರುತ್ತದೆ. ‘ಹ್ಯಾಂಗ್ ಆಯ್ತು’ ಎಂದು ಪ್ಲಗ್ ಕೀಳುವುದು ಇಲ್ಲೇ, ಬೂಟ್‌ಲೋಡರ್ ಹಾಳಾಗುವುದೂ ಇಲ್ಲೇ. ಎದ್ದ ಮೇಲೆ ‘ಶೋ ಸ್ವಿಚ್’ನಲ್ಲಿ ಎರಡೂ ‘ರೆಡಿ’ ಎಂದಿರಬೇಕು. ಒಂದು ‘ವಿ-ಮಿಸ್‌ಮ್ಯಾಚ್’ ಎಂದರೆ ಅದಕ್ಕೆ ಹೊಸ ಪ್ಯಾಕೇಜ್ ತಲುಪಿಲ್ಲ. ‘ಸಾಫ್ಟ್‌ವೇರ್ ಆಟೊ-ಅಪ್‌ಗ್ರೇಡ್ ಎನೇಬಲ್’ ಎಂಬ ಸಾಲನ್ನು ಮೊದಲೇ ಕಾನ್ಫಿಗ್‌ನಲ್ಲಿ ಹಾಕಿಟ್ಟರೆ ಈ ತಾಪತ್ರಯ ತಾನೇ ಬಗೆಹರಿಯುತ್ತದೆ.

ಲೈಸೆನ್ಸ್ ಸಂದೇಶಗಳು ಬದಲಾದರೆ ಗಾಬರಿ ಬೇಡ. 17.3.2ರಿಂದ ಲೈಸೆನ್ಸ್ ಪದ್ಧತಿಯೇ ಬೇರೆ: ಮೊದಲೇ ನೋಂದಣಿ ಕೇಳುವ ಬದಲು ಬಳಕೆಯ ವರದಿ ಕೇಳುತ್ತದೆ.

ಪ್ರಶ್ನೆ: ಟಿಎಫ್‌ಟಿಪಿ (ನೆಟ್‌ವರ್ಕ್‌ನಲ್ಲಿ ಫೈಲ್ ಕಳಿಸುವ ಸರಳ ವಿಧಾನ) ಬಳಸಿ ಇಮೇಜ್ ಕಳಿಸಿದರೆ ಗಂಟೆಗಟ್ಟಲೆ ಹಿಡಿಯುತ್ತದೆ. ಒಂದು ಸರ್ವರ್‌ನಲ್ಲಂತೂ 32 ಎಂಬಿಗೆ ಸರಿಯಾಗಿ ನಿಂತೇ ಹೋಯಿತು. ಲಿಂಕ್ ದೋಷವೇ? (ಓದುಗರು, ಮೈಸೂರು)

ಲಿಂಕ್ ದೋಷವಲ್ಲ, ಲೆಕ್ಕದ ದೋಷ. ಟಿಎಫ್‌ಟಿಪಿ ಒಂದು ಸಲಕ್ಕೆ 512 ಬೈಟ್ ಕಳಿಸಿ, ‘ಬಂತು’ ಎಂಬ ಉತ್ತರ ಬರುವವರೆಗೆ ಕೈಕಟ್ಟಿ ಕೂರುತ್ತದೆ. 1 ಜಿಬಿ ಫೈಲಿಗೆ ಇಂಥ ತುಂಡುಗಳು 20,97,152. ಸರ್ವರ್ ಬೇರೆ ಊರಲ್ಲಿದ್ದು ಹೋಗಿಬರಲು 10 ಮಿಲಿಸೆಕೆಂಡ್ ಹಿಡಿದರೆ ಒಟ್ಟು ಸುಮಾರು 5 ಗಂಟೆ 50 ನಿಮಿಷ. ಲಿಂಕ್ 1 ಜಿಬಿಪಿಎಸ್ ಇದ್ದರೂ ಅಷ್ಟೇ. ಸ್ವಿಚ್‌ನಲ್ಲಿ ‘ಐಪಿ ಟಿಎಫ್‌ಟಿಪಿ ಬ್ಲಾಕ್‌ಸೈಜ್ 8192’ ಹಾಕಿದರೆ, ಸರ್ವರ್ ಒಪ್ಪಿಕೊಂಡರೆ, ಅದೇ ಕೆಲಸ 22 ನಿಮಿಷಕ್ಕೆ ಇಳಿಯುತ್ತದೆ.

32 ಎಂಬಿ ಗುಟ್ಟು ಇದು: ತುಂಡಿನ ಸಂಖ್ಯೆಗೆ 16 ಬಿಟ್ ಜಾಗ ಮಾತ್ರ, ಎಣಿಕೆ 65,535ಕ್ಕೆ ಮುಗಿಯುತ್ತದೆ. 65,535ನ್ನು 512ರಿಂದ ಗುಣಿಸಿ, 32 ಎಂಬಿ ಬಂತು. ಹೊಸ ಸರ್ವರ್‌ಗಳು ಎಣಿಕೆಯನ್ನು ಮತ್ತೆ ಸೊನ್ನೆಯಿಂದ ಶುರು ಮಾಡುತ್ತವೆ, ಹಳೆಯವು ಅಲ್ಲೇ ಕೈಚೆಲ್ಲುತ್ತವೆ. 1 ಜಿಬಿ ಇಮೇಜ್‌ಗಳ ಕಾಲದಲ್ಲಿ ಟಿಎಫ್‌ಟಿಪಿ ಹಟ ಯಾಕೆ? ಎಸ್‌ಸಿಪಿ ಅಥವಾ ಎಚ್‌ಟಿಟಿಪಿ ಬಳಸಿ. ಸ್ವಿಚ್ ಹತ್ತಿರವೇ ಇದ್ದರೆ ಫ್ಯಾಟ್32 ಫಾರ್ಮ್ಯಾಟ್ ಮಾಡಿದ ಪೆನ್‌ಡ್ರೈವ್ ಎಲ್ಲಕ್ಕಿಂತ ಸಲೀಸು.

ಪ್ರಶ್ನೆ: 2960-ಎಕ್ಸ್ ಸ್ವಿಚ್‌ಗೆ ಹೊಸ ಬಿನ್ ಫೈಲ್ ಹಾಕಿ ರೀಲೋಡ್ ಮಾಡಿದೆವು. ಎದ್ದಿತು, ಆದರೆ ‘ಶೋ ವರ್ಷನ್’ ಹಳೆಯದನ್ನೇ ತೋರಿಸುತ್ತಿದೆ. (ಕಚೇರಿಯೊಂದರ ನೆಟ್‌ವರ್ಕ್ ಸಹಾಯಕರು, ಶಿವಮೊಗ್ಗ)

‘ಶೋ ಬೂಟ್’ ಕೊಟ್ಟು ‘ಬೂಟ್ ಪಾತ್-ಲಿಸ್ಟ್’ ಸಾಲು ನೋಡಿ. ಖಂಡಿತ ಹಳೆಯ ಫೈಲಿನ ಹೆಸರೇ ಇರುತ್ತದೆ. ‘ಬೂಟ್ ಸಿಸ್ಟಮ್ ಫ್ಲಾಶ್:/’ ಮುಂದೆ ಹೊಸ ಹೆಸರು ಕೊಡಿ. ಹೆಸರನ್ನು ಟೈಪ್ ಮಾಡಬೇಡಿ, ‘ಡಿರ್ ಫ್ಲಾಶ್:’ ತೋರಿಸಿದ್ದನ್ನು ಕಾಪಿ ಮಾಡಿ ಅಂಟಿಸಿ. ಒಂದು ಅಕ್ಷರ ತಪ್ಪಿದರೂ ಸ್ವಿಚ್ ಆ ಕ್ಷಣಕ್ಕೆ ಏನೂ ಹೇಳದೆ ಒಪ್ಪಿಕೊಂಡುಬಿಡಬಹುದು; ತಪ್ಪು ಗೊತ್ತಾಗುವುದು ರೀಲೋಡ್ ಆದಮೇಲೆ. ಹಳೆಯ ಹೆಸರನ್ನೂ ಸೆಮಿಕೋಲನ್ ಹಾಕಿ ಎರಡನೆಯದಾಗಿ ಅದೇ ಸಾಲಿಗೆ ಸೇರಿಸಿ. ಮೊದಲನೆಯದು ಸಿಗದಿದ್ದರೆ ಸ್ವಿಚ್ ಎರಡನೆಯದನ್ನು ಹಿಡಿಯುತ್ತದೆ.

ಸ್ಟ್ಯಾಕ್ ಇದ್ದರೆ ‘ಕಾಪಿ’ ಕಮಾಂಡ್ ಮಾಸ್ಟರ್ ಸ್ವಿಚ್‌ನ ಫ್ಲಾಶ್‌ಗೆ ಮಾತ್ರ ಬರೆಯುತ್ತದೆ. ಉಳಿದವಕ್ಕೆ ‘ಕಾಪಿ ಫ್ಲಾಶ್1:’ ಇಂದ ‘ಫ್ಲಾಶ್2:’ಕ್ಕೆ ಎಂದು ಒಂದೊಂದಾಗಿ ಮಾಡಿ, ‘ಬೂಟ್ ಸಿಸ್ಟಮ್ ಸ್ವಿಚ್ ಆಲ್’ ಎಂದು ಕೊಡಬೇಕು. ಇಷ್ಟೆಲ್ಲ ಬೇಡವೆಂದರೆ ಬಿನ್ ಬದಲು ಟಾರ್ ಫೈಲ್ (ಹಲವು ಫೈಲುಗಳ ಒಂದು ಕಟ್ಟು) ತಂದು ‘ಆರ್ಕೈವ್ ಡೌನ್‌ಲೋಡ್-ಎಸ್‌ಡಬ್ಲ್ಯು’ ಬಳಸಿ: ಬಿಚ್ಚುವುದು, ಎಲ್ಲ ಸ್ವಿಚ್‌ಗೂ ಹಂಚುವುದು, ಬೂಟ್ ಸಾಲು ಬದಲಿಸುವುದು, ಮೂರನ್ನೂ ಅದೇ ಮಾಡುತ್ತದೆ. ಕಂಡಕಂಡವರು ಅದರ ಜೊತೆ ‘/ಓವರ್‌ರೈಟ್’ ಹಾಕುತ್ತಾರೆ. ಅದು ಹಳೆಯ ಇಮೇಜನ್ನು ಅಳಿಸುತ್ತದೆ. 2960-ಎಕ್ಸ್‌ನಲ್ಲಿ 128 ಎಂಬಿ ಫ್ಲಾಶ್ ಇದೆ, ಎರಡು ಇಮೇಜ್ ಆರಾಮವಾಗಿ ಹಿಡಿಸುತ್ತವೆ. ‘/ಲೀವ್-ಓಲ್ಡ್-ಎಸ್‌ಡಬ್ಲ್ಯು’ ಹಾಕಿ, ಹಳೆಯದು ಒಂದು ವಾರ ಅಲ್ಲೇ ಇರಲಿ.

ಪ್ರಶ್ನೆ: ಅಪ್‌ಗ್ರೇಡ್ ನಡುವೆ ಕರೆಂಟ್ ಹೋಯಿತು. ಈಗ 2960 ಸ್ವಿಚ್ ‘ಸ್ವಿಚ್:’ ಎಂಬ ಪ್ರಾಂಪ್ಟ್‌ನಲ್ಲಿ ನಿಂತಿದೆ. ಸತ್ತುಹೋಯಿತೇ? (ಓದುಗರು, ಬೆಳಗಾವಿ)

ಪ್ರಾಂಪ್ಟ್ ಬಂದಿದೆ ಎಂದರೆ ಬೂಟ್‌ಲೋಡರ್ ಬದುಕಿದೆ. ಬೂಟ್‌ಲೋಡರ್ ಬದುಕಿದ್ದರೆ ಸ್ವಿಚ್ ಸತ್ತಿಲ್ಲ.

ಕನ್ಸೋಲ್ ಕೇಬಲ್ ಹಾಕಿ, 9600 ವೇಗದಲ್ಲಿ ‘ಫ್ಲಾಶ್_ಇನಿಟ್’ ಕೊಡಿ. ಆಮೇಲೆ ‘ಡಿರ್ ಫ್ಲಾಶ್:’. ಹಳೆಯ ಬಿನ್ ಕಂಡರೆ ‘ಬೂಟ್ ಫ್ಲಾಶ್:’ ಮುಂದೆ ಅದರ ಹೆಸರು, ಎದ್ದುಬಿಡುತ್ತದೆ. ಟಾರ್ ಮೂಲಕ ಹಾಕಿದ್ದರೆ ಬಿನ್ ಒಂದು ಡೈರೆಕ್ಟರಿಯೊಳಗೆ ಅಡಗಿರುತ್ತದೆ, ಒಳಗೂ ‘ಡಿರ್’ ಮಾಡಿ ನೋಡಿ. ಅರ್ಧ ಬಂದ ಫೈಲನ್ನು ಗುರುತಿಸುವುದು ಅದರ ಗಾತ್ರದಿಂದ.

ಒಂದೂ ಇಲ್ಲದಿದ್ದರೆ ಎಕ್ಸ್‌ಮೋಡೆಮ್ (ಕನ್ಸೋಲ್ ಕೇಬಲ್ ಮೂಲಕವೇ ಫೈಲ್ ಕಳಿಸುವ ವಿಧಾನ) ಗತಿ. 9600ರಲ್ಲಿ ಸೆಕೆಂಡಿಗೆ ಹೋಗುವುದು 960 ಬೈಟ್. 25 ಎಂಬಿ ಇಮೇಜ್‌ಗೆ ಏಳೂವರೆ ಗಂಟೆ ಬೇಕು. ಹಾಗಾಗಿ ಮೊದಲು ‘ಸೆಟ್ ಬಾಡ್ 115200’ (‘ಬಾಡ್’ ದೊಡ್ಡಕ್ಷರದಲ್ಲಿ). ತೆರೆಯ ಮೇಲೆ ಕಸದಂಥ ಅಕ್ಷರ ಕಾಣುತ್ತದೆ. ಲ್ಯಾಪ್‌ಟಾಪ್‌ನಲ್ಲಿ ಕನ್ಸೋಲ್ ತೋರಿಸುವ ಟೆರಾಟರ್ಮ್‌ನಲ್ಲೂ ವೇಗವನ್ನು 115200ಕ್ಕೆ ಏರಿಸಿ ಎಂಟರ್ ಒತ್ತಿದರೆ ಪ್ರಾಂಪ್ಟ್ ಮರಳುತ್ತದೆ. ‘ಕಾಪಿ ಎಕ್ಸ್‌ಮೋಡೆಮ್: ಫ್ಲಾಶ್:’ ಮುಂದೆ ಹೆಸರು ಕೊಟ್ಟು, ಟೆರಾಟರ್ಮ್‌ನ ಫೈಲ್ ಮೆನುವಿನಿಂದ ಎಕ್ಸ್‌ಮೋಡೆಮ್‌ನಲ್ಲಿ ಕಳಿಸಿ. ಕಡಿಮೆಯೆಂದರೂ 38 ನಿಮಿಷ, ವಾಸ್ತವದಲ್ಲಿ ಮುಕ್ಕಾಲು ಗಂಟೆಗೂ ಮೇಲೆ. ಲ್ಯಾಪ್‌ಟಾಪ್ ನಿದ್ದೆಗೆ ಹೋಗದಂತೆ ಮಾಡಿಡಿ. ಇಲ್ಲಿ ಟಾರ್ ಫೈಲ್ ನಡೆಯುವುದಿಲ್ಲ, ಬಿನ್ ಬೇಕು. ಮುಗಿದ ಮೇಲೆ ವೇಗವನ್ನು 9600ಕ್ಕೆ ಮರಳಿಸಿ. ಇಲ್ಲವಾದರೆ ಮುಂದೆ ಕನ್ಸೋಲ್ ಹಾಕಿದವರು ಖಾಲಿ ತೆರೆ ನೋಡುತ್ತ ಕೂರುತ್ತಾರೆ.

9300ಕ್ಕೆ ಈ ಕಷ್ಟವಿಲ್ಲ. ಅದೇ ಪ್ರಾಂಪ್ಟ್‌ನಲ್ಲಿ ‘ಬೂಟ್ ಯುಎಸ್‌ಬಿಫ್ಲಾಶ್0:’ ಮುಂದೆ ಬಿನ್ ಹೆಸರು ಕೊಟ್ಟರೆ ಪೆನ್‌ಡ್ರೈವ್‌ನಿಂದಲೇ ಏಳುತ್ತದೆ. ಹೀಗೆ ಎದ್ದದ್ದು ಬಂಡಲ್ ಮೋಡ್. ಕೂಡಲೇ ಮೊದಲ ಉತ್ತರದಲ್ಲಿ ಹೇಳಿದಂತೆ ಇನ್‌ಸ್ಟಾಲ್ ಮೋಡ್‌ಗೆ ತನ್ನಿ.

ಪ್ರಶ್ನೆ: ಸ್ವಿಚ್ ಚೆನ್ನಾಗೇ ಓಡುತ್ತಿದೆ. ಸುಮ್ಮನೆ ಯಾಕೆ ಮುಟ್ಟಬೇಕು? (ಓದುಗರು, ತುಮಕೂರು)

ಹೊಸ ಸೌಲಭ್ಯದ ಆಸೆಗಾದರೆ ಮುಟ್ಟಬೇಡಿ. ಭದ್ರತೆಗಾಗಿ ಮುಟ್ಟಲೇಬೇಕಾಗುತ್ತದೆ. 2023ರ ಅಕ್ಟೋಬರ್‌ನಲ್ಲಿ ಹೊರಬಿದ್ದ ಸಿವಿಇ-2023-20198 (ಸಿವಿಇ ಎಂದರೆ ಭದ್ರತಾ ದೋಷಕ್ಕೆ ಕೊಡುವ ಗುರುತಿನ ಸಂಖ್ಯೆ) ನೋಡಿ: ಐಒಎಸ್ ಎಕ್ಸ್‌ಇ ವೆಬ್ ಪುಟದ ಮೂಲಕ ಪಾಸ್‌ವರ್ಡ್ ಇಲ್ಲದೆಯೇ ಪೂರ್ಣಾಧಿಕಾರದ ಬಳಕೆದಾರರನ್ನು ಸೃಷ್ಟಿಸಬಹುದಿತ್ತು. ತೀವ್ರತೆ 10ಕ್ಕೆ 10. ತಿದ್ದುಪಡಿ ಬಂದದ್ದು 17.9.4ಎ, 17.6.6ಎ, 17.3.8ಎ ಆವೃತ್ತಿಗಳಲ್ಲಿ. ಹಳೆಯ ಐಒಎಸ್‌ನಲ್ಲಿ ಸ್ಮಾರ್ಟ್ ಇನ್‌ಸ್ಟಾಲ್ ಎಂಬ ಸೌಲಭ್ಯ 4786ನೇ ಪೋರ್ಟ್ ತೆರೆದಿಟ್ಟಿರುತ್ತದೆ, ಅದರ ದೋಷದ ಸಂಖ್ಯೆ ಸಿವಿಇ-2018-0171.

ಅಪ್‌ಗ್ರೇಡ್‌ಗೆ ರಜೆ ಬರಲಿ ಎಂದು ಕಾಯುವವರು ಇವತ್ತೇ ‘ನೋ ಐಪಿ ಎಚ್‌ಟಿಟಿಪಿ ಸರ್ವರ್’, ‘ನೋ ಐಪಿ ಎಚ್‌ಟಿಟಿಪಿ ಸೆಕ್ಯೂರ್-ಸರ್ವರ್’, ‘ನೋ ವಿಸ್ಟ್ಯಾಕ್’ ಕೊಡಿ. ಇವು ಆ ವೆಬ್ ಪುಟವನ್ನೂ ಸ್ಮಾರ್ಟ್ ಇನ್‌ಸ್ಟಾಲನ್ನೂ ಮುಚ್ಚುತ್ತವೆ. ಇದಕ್ಕೆ ರೀಲೋಡ್ ಬೇಡ. ಸರ್ವಿಸ್ ಕಾಂಟ್ರ್ಯಾಕ್ಟ್ ಮುಗಿದಿದೆ ಎಂದು ಸುಮ್ಮನಿರುವವರಿಗೆ ಒಂದು ಮಾತು: ಭದ್ರತಾ ದೋಷದ ತಿದ್ದುಪಡಿಯನ್ನು ಸಿಸ್ಕೊ ಬೆಂಬಲ ಕೇಂದ್ರಕ್ಕೆ ಬರೆದು, ಸಲಹಾಪತ್ರದ ಸಂಖ್ಯೆ ಕೊಟ್ಟು ಕೇಳಬಹುದು.

ಪ್ರಶ್ನೆ: ಜಿಲ್ಲೆಯ ಬೇರೆ ಬೇರೆ ಶಾಖೆಗಳ ಸ್ವಿಚ್‌ಗಳನ್ನು ಕೂತಲ್ಲಿಂದಲೇ ಅಪ್‌ಗ್ರೇಡ್ ಮಾಡಬೇಕು. ‘ರೀಲೋಡ್ ಇನ್ 10’ (10 ನಿಮಿಷಕ್ಕೆ ತಾನೇ ರೀಲೋಡ್) ಹಾಕಿಕೊಂಡರೆ ಸುರಕ್ಷಿತ ಎನ್ನುತ್ತಾರೆ, ನಿಜವೇ? (ಸಹಕಾರ ಸಂಘವೊಂದರ ಐಟಿ ವಿಭಾಗ, ಮಂಗಳೂರು)

ಕಾನ್ಫಿಗ್ ಬದಲಿಸುವಾಗ ನಿಜ, ಫರ್ಮ್‌ವೇರ್‌ಗೆ ಸುಳ್ಳು. ಆ ತಂತ್ರ ಉಳಿಸದ ಕಾನ್ಫಿಗ್ ಅಳಿಸಿ ಹಳೆಯದನ್ನು ತರುತ್ತದೆ. ಫರ್ಮ್‌ವೇರ್ ಯಾವುದು ಎಂಬುದು ಬೂಟ್ ಸಾಲಿನಲ್ಲಿದೆ, ಎಷ್ಟು ಸಲ ರೀಲೋಡ್ ಆದರೂ ಅದೇ ಏಳುತ್ತದೆ. ನಿಮಗೆ ಬೇಕಾದದ್ದು 9300ರ ಆ ಕಮಿಟ್ ಗಡುವು. ‘ಇನ್‌ಸ್ಟಾಲ್ ಆಕ್ಟಿವೇಟ್ ಆಟೊ-ಅಬಾರ್ಟ್-ಟೈಮರ್ 30’ ಎಂದು 30 ನಿಮಿಷಕ್ಕೂ ಇಳಿಸಬಹುದು. ಸ್ವಿಚ್ ಎದ್ದು ನಿಮ್ಮ ಕೈಗೆ ಸಿಗದಿದ್ದರೆ ತಾನೇ ಹಿಂದಕ್ಕೆ ಹೋಗುತ್ತದೆ.

ಸರಪಳಿಯಂತೆ ಜೋಡಿಸಿದ ಸ್ವಿಚ್‌ಗಳಿದ್ದರೆ ಇಮೇಜನ್ನು ಎಲ್ಲಕ್ಕೂ ಮೊದಲೇ ನಕಲಿಸಿ, ರೀಲೋಡನ್ನು ತೀರಾ ತುದಿಯಿಂದ ಶುರು ಮಾಡಿ. ಹತ್ತಿರದ್ದನ್ನು ಮೊದಲು ಮಲಗಿಸಿದರೆ ಆಚೆಯವು ಕೈಗೆ ಸಿಗುವುದಿಲ್ಲ. ಲಾಗಿನ್ ರೇಡಿಯಸ್ ಅಥವಾ ಟ್ಯಾಕ್ಯಾಕ್ಸ್ (ಪಾಸ್‌ವರ್ಡ್ ಪರೀಕ್ಷಿಸುವ ಕೇಂದ್ರ ಸರ್ವರ್) ಮೂಲಕ ಇದ್ದರೆ, ಸರ್ವರ್ ಸಿಗದಾಗ ಒಳಹೋಗಲು ಸ್ಥಳೀಯ ಬಳಕೆದಾರ ಇದ್ದಾರೆಯೇ, ಪಾಸ್‌ವರ್ಡ್ ನೆನಪಿದೆಯೇ ನೋಡಿ. ಎಸ್‌ಎಸ್‌ಎಚ್ (ದೂರದಿಂದ ಸುರಕ್ಷಿತ ಲಾಗಿನ್) ಕೀಲಿ 1024 ಬಿಟ್‌ನದಾಗಿದ್ದರೆ ಮೊದಲೇ 2048ರದ್ದು ಮಾಡಿಕೊಳ್ಳಿ. ಹೊಸ ಆವೃತ್ತಿಗಳು ಸಣ್ಣ ಕೀಲಿಯನ್ನು ತಳ್ಳಿಹಾಕುತ್ತವೆ: ಸ್ವಿಚ್ ಚೆನ್ನಾಗಿ ಎದ್ದಿರುತ್ತದೆ, ಪಿಂಗ್ ಆಗುತ್ತದೆ, ಒಳಗೆ ಹೋಗಲು ಮಾತ್ರ ಬಿಡುವುದಿಲ್ಲ.

ಬ್ಯಾಕಪ್ ಎಂದರೆ ಸ್ಟಾರ್ಟಪ್-ಕಾನ್ಫಿಗ್ ಅಷ್ಟೇ ಅಲ್ಲ. ವಿಟಿಪಿ (ವಿಲ್ಯಾನ್ ಪಟ್ಟಿಯನ್ನು ಸ್ವಿಚ್‌ಗಳ ನಡುವೆ ಹಂಚುವ ಪದ್ಧತಿ) ಸರ್ವರ್ ಮೋಡ್‌ನಲ್ಲಿ ವಿಲ್ಯಾನ್‌ಗಳು (ಒಂದೇ ಸ್ವಿಚ್‌ನೊಳಗೆ ಬೇರ್ಪಡಿಸಿದ ನೆಟ್‌ವರ್ಕ್‌ಗಳು) ಫ್ಲಾಶ್‌ನ ‘ವಿಲ್ಯಾನ್.ಡ್ಯಾಟ್’ ಫೈಲಿನಲ್ಲಿರುತ್ತವೆ, ಅದನ್ನೂ ಎತ್ತಿಡಿ. ರೀಲೋಡ್‌ಗೆ ಮುಂಚೆ ‘ಶೋ ಇಂಟರ್‌ಫೇಸ್ ಸ್ಟೇಟಸ್’, ‘ಶೋ ಸಿಡಿಪಿ ನೇಬರ್ಸ್’, ‘ಶೋ ಈಥರ್‌ಚಾನಲ್ ಸಮ್ಮರಿ’, ‘ಶೋ ಪವರ್ ಇನ್‌ಲೈನ್’ ನಾಲ್ಕನ್ನೂ ಫೈಲಿಗೆ ಉಳಿಸಿ, ಆದಮೇಲೆ ಮತ್ತೆ ತೆಗೆದು ಹೋಲಿಸಿ. ‘ಆ ಪೋರ್ಟ್ ಮೊದಲೇ ಡೌನ್ ಇತ್ತೋ, ಈಗ ಆಯಿತೋ’ ಎಂಬ ಬೆಳಗಿನ ವಾದ ತಪ್ಪುತ್ತದೆ. ಸ್ವಿಚ್‌ನಿಂದ ವಿದ್ಯುತ್ ಪಡೆಯುವ ಕ್ಯಾಮೆರಾ, ಐಪಿ ಫೋನ್‌ಗಳೂ ರೀಲೋಡ್ ಆದಾಗ ಆರಿಹೋಗುತ್ತವೆ. ಶಾಖೆಯವರಿಗೆ ಮುಂಚೆಯೇ ಹೇಳಿ.

ಪ್ರಶ್ನೆ: ನಮ್ಮಲ್ಲಿ ಅರುಬಾ 2930ಎಫ್ ಇದೆ. ಅದಕ್ಕೂ ಇದೇ ಕ್ರಮವೇ? (ಓದುಗರು, ಕಲಬುರಗಿ)

ಅಲ್ಲ, ಅದು ಇನ್ನೂ ಸುಲಭ. ಪ್ರೈಮರಿ, ಸೆಕೆಂಡರಿ ಎಂದು ಎರಡು ಫ್ಲಾಶ್ ಇರುತ್ತವೆ. ‘ಶೋ ಫ್ಲಾಶ್’ ಕೊಟ್ಟು ಈಗ ಓಡುತ್ತಿರುವುದು ಯಾವುದರಿಂದ ಎಂದು ನೋಡಿ, ಹೊಸದನ್ನು ಇನ್ನೊಂದಕ್ಕೆ ಹಾಕಿ. ‘ಕಾಪಿ ಟಿಎಫ್‌ಟಿಪಿ ಫ್ಲಾಶ್’, ಸರ್ವರ್ ವಿಳಾಸ, ಎಸ್‌ಡಬ್ಲ್ಯುಐ (ಅರುಬಾದ ಇಮೇಜ್) ಫೈಲಿನ ಹೆಸರು, ಈಗ ಓಡುತ್ತಿರುವುದು ಪ್ರೈಮರಿಯಿಂದಾದರೆ ಕೊನೆಗೆ ‘ಸೆಕೆಂಡರಿ’. ಈ ಕೊನೆಯ ಪದ ಬಿಟ್ಟರೆ ಪ್ರೈಮರಿಯ ಮೇಲೇ ಬರೆಯುತ್ತದೆ. ಆಮೇಲೆ ‘ಬೂಟ್ ಸಿಸ್ಟಮ್ ಫ್ಲಾಶ್ ಸೆಕೆಂಡರಿ’. ಬೂಟ್ ರಾಮ್ ಬದಲಾಗುವ ಆವೃತ್ತಿಯಾದರೆ ಸ್ವಿಚ್ ಎರಡು ಸಲ ರೀಬೂಟ್ ಆಗಬಹುದು, ಅದು ದೋಷವಲ್ಲ. ಸರಿಬರದಿದ್ದರೆ ‘ಬೂಟ್ ಸಿಸ್ಟಮ್ ಫ್ಲಾಶ್ ಪ್ರೈಮರಿ’, ಹಳೆಯದಕ್ಕೆ ವಾಪಸ್.

ಪ್ರಶ್ನೆ: ಜುನಿಪರ್ ಇಎಕ್ಸ್2300ರಲ್ಲಿ ಪ್ರತಿ ಸಲವೂ ಜಾಗ ಸಾಲದು ಎನ್ನುತ್ತದೆ. (ಓದುಗರು, ಬೆಂಗಳೂರು)

ಆ ಮಾದರಿಯ ಹುಟ್ಟುಗುಣ ಅದು, ಫ್ಲಾಶ್ ಚಿಕ್ಕದು. ‘ರಿಕ್ವೆಸ್ಟ್ ಸಿಸ್ಟಮ್ ಸ್ಟೋರೇಜ್ ಕ್ಲೀನಪ್’ ಕೊಡಿ. ಸಾಲದಿದ್ದರೆ ಶೆಲ್‌ಗೆ ಹೋಗಿ ‘ಪಿಕೆಜಿ ಸೆಟಾಪ್ ಆರ್‌ಎಂ ಪ್ರೀವಿಯಸ್’, ‘ಪಿಕೆಜಿ ಡಿಲೀಟ್ ಓಲ್ಡ್’. ಇವು ಹಿಂದಿನ ಜುನೋಸ್‌ನ (ಜುನಿಪರ್ ಸ್ವಿಚ್‌ನ ತಂತ್ರಾಂಶ) ಉಳಿಕೆಯನ್ನು ತೆಗೆಯುತ್ತವೆ. ಇಮೇಜನ್ನು ‘/ವಾರ್/ಟಿಎಂಪಿ’ಯಲ್ಲಿಟ್ಟು ‘ರಿಕ್ವೆಸ್ಟ್ ಸಿಸ್ಟಮ್ ಸಾಫ್ಟ್‌ವೇರ್ ಆಡ್’ ಜೊತೆ ‘ನೋ-ಕಾಪಿ ಅನ್‌ಲಿಂಕ್’ ಸೇರಿಸಿ: ಪ್ಯಾಕೇಜಿನ ಇನ್ನೊಂದು ನಕಲು ಮಾಡದೆ, ಹಾಕಿದ ಮೇಲೆ ಮೂಲವನ್ನೂ ಅಳಿಸುತ್ತದೆ. ಒಂದು ವಾರ ಸರಿಯಾಗಿ ಓಡಿದ ಮೇಲೆ ‘ರಿಕ್ವೆಸ್ಟ್ ಸಿಸ್ಟಮ್ ಸ್ನ್ಯಾಪ್‌ಶಾಟ್ ರಿಕವರಿ’ ಕೊಡಿ. ಇಲ್ಲದಿದ್ದರೆ ಮುಂದೆ ಫೈಲ್ ಸಿಸ್ಟಂ ಕೆಟ್ಟಾಗ ಚೇತರಿಕೆಗೆ ಸಿಗುವುದು ಕಾರ್ಖಾನೆಯಿಂದ ಬಂದ ಹಳೇ ಜುನೋಸ್.